ಸ್ಕೋಮರ್ ದ್ವೀಪದ ಎಂಬತ್ತೇಳು ಮೆಟ್ಟಿಲುಗಳು

ಬೇಸಿಗೆ ಸಮೀಪಿಸಿತೆಂದರೆ ನಮ್ಮ ಬಳಗದ ಅನೇಕ ಮನೆಗಳಲ್ಲಿ ಒಂದೇ ಸಮಾಲೋಚನೆ ನಡೆಯುತ್ತದೆ. ಊರಿನಿಂದ ಬಂದಿರುವ ಹಿರಿಯರನ್ನು ಈ ಸಲ ಎಲ್ಲಿಗೆ ಕರೆದೊಯ್ಯುವುದು? ಲಂಡನ್ ನಗರದ ಅರಮನೆ, ಸ್ಟೋನ್‌ಹೆಂಜ್‌ನ ಕಲ್ಲುಗಳು, ಸರೋವರ ಪ್ರಾಂತ್ಯದ ದೋಣಿವಿಹಾರ, ಎಡಿನ್‌ಬರೋ ಕೋಟೆ ಇವೆಲ್ಲ ಮೊದಲೆರಡು ಭೇಟಿಗಳಲ್ಲೇ ಮುಗಿದುಹೋಗಿರುತ್ತವೆ. ಮೂರನೆಯ ಸಲ ಬಂದ ಅಮ್ಮನೋ ಮಾವನೋ ಕಿಟಕಿಯಾಚೆಯ ಮಳೆಯನ್ನು ನೋಡುತ್ತ, ಊರಿನ ಧಾರಾವಾಹಿಯ ಮುಂದಿನ ಕಂತಿಗೆ ಕಾಯುತ್ತ ದಿನ ನೂಕುವುದನ್ನು ನಾವೆಲ್ಲರೂ ಬಲ್ಲೆವು. ಈ ಪುಟಗಳಲ್ಲಿ ಇದುವರೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಡಿ ಜೀವಸತ್ವದ ಕೊರತೆ ಎಂದು ಬರೆದು ಓದುಗರ ತಾಳ್ಮೆಯನ್ನು ಪರೀಕ್ಷಿಸಿರುವ ನಾವು ಈ ಬಾರಿ ಅದಕ್ಕೆಲ್ಲ ವಿರಾಮ ಕೊಟ್ಟು, ಮೂರು ದಿನಗಳ ಒಂದು ಪ್ರವಾಸದ ಕಥೆಯನ್ನು ನಿವೇದಿಸಬಯಸುತ್ತೇವೆ. ವೈದ್ಯಕೀಯ ಸಂಪೂರ್ಣವಾಗಿ ತಪ್ಪುವುದೆಂದು ಮಾತ್ರ ಆಶ್ವಾಸನೆ ಕೊಡಲಾರೆವು.

ಮೇ ತಿಂಗಳ ಕೊನೆಯ ವಾರದ ಶಾಲಾ ರಜೆಯಲ್ಲಿ ನಾಲ್ಕು ಕುಟುಂಬಗಳ ಹದಿನೈದು ಮಂದಿ, ವೇಲ್ಸ್‌ನ ನೈಋತ್ಯ ತುದಿಯಲ್ಲಿರುವ ಪೆಂಬ್ರೋಕ್‌ಷೈರ್ ಕರಾವಳಿಗೆ ಮಾರ್ಗದರ್ಶಿಯೊಬ್ಬರ ಮುಂದಾಳತ್ವದಲ್ಲಿ ಹೊರಟೆವು. ಮಧ್ಯ ಇಂಗ್ಲೆಂಡಿನ ನಮ್ಮ ಊರಿನಿಂದ ಐದು ಗಂಟೆಗಳ ದಾರಿ. ಚಿತ್ರಾನ್ನ, ಚಪಾತಿ, ಚಟ್ನಿಪುಡಿಗಳ ಡಬ್ಬಗಳು ದಾರಿಯ ಅರ್ಧದಲ್ಲೇ ಬರಿದಾದವು. ಬ್ರಿಟನ್ನಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಮುಖ್ಯವಾಗಿ ಕಡಲತೀರಕ್ಕಾಗಿಯೇ ಘೋಷಿತವಾದದ್ದು ಇದೊಂದೇ, ಘೋಷಣೆಯಾದದ್ದು 1952ರಲ್ಲಿ. 1970ರಲ್ಲಿ ತೆರೆದ ಇಲ್ಲಿನ ಕರಾವಳಿ ಕಾಲುದಾರಿ 299 ಕಿಲೋಮೀಟರ್ ಉದ್ದವಿದ್ದು, ಬಂಡೆಯ ಅಂಚನ್ನು ಬಿಡದೆ ಹಾವಿನಂತೆ ಸಾಗುತ್ತದೆ. ತೀರದಾಚೆಗೆ ಸ್ಕೋಮರ್, ಸ್ಕೋಕ್‌ಹೋಮ್, ಗ್ರಾಸ್‌ಹೋಮ್, ರ‍್ಯಾಮ್ಸಿ ಎಂಬ ದ್ವೀಪಗಳು. ಈ ಹೆಸರುಗಳು ವೆಲ್ಷ್ ಭಾಷೆಯವಲ್ಲ, ಇಂಗ್ಲಿಷಿನವೂ ಅಲ್ಲ. ಸಾವಿರ ವರ್ಷಗಳ ಹಿಂದೆ ಉತ್ತರದಿಂದ ನೌಕೆಗಳಲ್ಲಿ ಬಂದ ನಾರ್ಸ್ ಜನ ಬಿಟ್ಟುಹೋದವು.

ಮಾರ್ಗದರ್ಶಿ ಏಕೆ ಬೇಕು ಎಂಬ ಪ್ರಶ್ನೆ ನಮ್ಮ ಗುಂಪಿನಲ್ಲಿ ಎದ್ದಿತ್ತು. ಫೋನಿನಲ್ಲಿ ಭೂಪಟವಿದೆ, ಹಕ್ಕಿಯ ಕೂಗು ಕೇಳಿಸಿದರೆ ಹೆಸರು ಹೇಳುವ ಆ್ಯಪ್ ಇದೆ, ದೋಣಿಯ ಟಿಕೆಟನ್ನು ನಾವೇ ಕೊಳ್ಳಬಹುದು. ಮತ್ತೊಬ್ಬರಿಗೆ ಏಕೆ ಹಣ ತೆರಬೇಕು ಎಂಬುದು ಲೆಕ್ಕಪರಿಶೋಧಕರಾದ ಒಬ್ಬ ಮಿತ್ರರ ವಾದ. ಹಣದ ಲೆಕ್ಕದಲ್ಲಿ ಅವರ ವಾದ ಸರಿಯೇ. ಆದರೆ ಮಾರ್ಗದರ್ಶಿಯಾಗಿ ಬಂದ ಸುಮಾರು ಅರವತ್ತರ ವಯಸ್ಸಿನ ಮಹಿಳೆ, ನಿವೃತ್ತ ಶಾಲಾ ಶಿಕ್ಷಕಿ, ಮೊದಲ ದಿನ ಬೆಳಿಗ್ಗೆ ನಮ್ಮ ಎದುರು ನಿಂತು ಹೇಳಿದ ಮೊದಲ ಮಾತೇ ನಮ್ಮನ್ನು ಯೋಚನೆಗೆ ಹಚ್ಚಿತು. "ಇಂದು ನಾವು ದ್ವೀಪಕ್ಕೆ ಹೋಗುವುದಿಲ್ಲ."

ಹೊರಗೆ ಬಿಸಿಲು ಝಳಪಿಸುತ್ತಿತ್ತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮಕ್ಕಳ ಮುಖ ಬಾಡಿತು. ದೊಡ್ಡವರ ಮುಖಗಳೂ ಅಷ್ಟೇ, ತೋರಗೊಡಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಆಕೆ ಸಮಾಧಾನದಿಂದ ವಿವರಿಸಿದರು: ಸ್ಕೋಮರ್ ದ್ವೀಪದಲ್ಲಿ ದೋಣಿ ತಂಗುವ ಕೊಲ್ಲಿ ಉತ್ತರಕ್ಕೆ ತೆರೆದುಕೊಂಡಿದೆ. ಉತ್ತರದ ಗಾಳಿ ಬೀಸಿದರೆ ಅಲೆ ನೇರವಾಗಿ ಒಳನುಗ್ಗಿ ದೋಣಿಯನ್ನು ಬಂಡೆಗೆ ಅಪ್ಪಳಿಸುತ್ತದೆ. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ನಿರೀಕ್ಷಿಸಿಯೇ ಅವರು ಮೂರನೆಯ ದಿನವನ್ನು ಮೀಸಲಾಗಿಟ್ಟಿದ್ದರು. ಆ ದಿನವೂ ಗಾಳಿ ತಿರುಗದಿದ್ದರೆ? "ಹಾಗಾದರೆ ಇಲ್ಲ," ಎಂದರು ಆಕೆ, ಶಿಕ್ಷಕಿಯ ಧ್ವನಿಯಲ್ಲಿ.

ಈ ಮಾತನ್ನು ಒಪ್ಪಿಕೊಂಡ ಮೊದಲಿಗರು ನಮ್ಮ ತಾಯಿಯವರು. ಅಮ್ಮನಿಗೆ ಎಪ್ಪತ್ನಾಲ್ಕು. ತವರು ಕುಂದಾಪುರದ ಬಳಿಯ ಗಂಗೊಳ್ಳಿ. ಅವರ ತಂದೆ ದೋಣಿ ಇಟ್ಟುಕೊಂಡಿದ್ದವರು. ಇಂಗ್ಲಿಷ್ ಬಾರದು. ಏನಾಯಿತೆಂದು ಕೇಳಿ ತಿಳಿದುಕೊಂಡು, "ಗಾಳಿ ಬೇಡ ಅಂದ ಮೇಲೆ ಮುಗಿಯಿತು. ಅಳಿವೆ ದಾಟಲೇಬೇಕು ಅಂತ ಹಟ ಹಿಡಿದವರಲ್ಲಿ ಎಷ್ಟು ಜನ ವಾಪಸ್ಸು ಬರಲಿಲ್ಲ, ನಾನು ಕಂಡಿದ್ದೇನೆ. ಈ ಅಮ್ಮನಿಗೆ ಕಡಲು ಗೊತ್ತುಂಟು," ಎಂದು ಮಾರ್ಗದರ್ಶಿಯತ್ತ ಮೆಚ್ಚುಗೆಯಿಂದ ನೋಡಿದರು. ಆ ಕ್ಷಣದಿಂದ ಇಬ್ಬರಿಗೂ ಸಖ್ಯವಾಯಿತು. ಇಬ್ಬರ ನಡುವೆ ಸಮಾನವಾದ ಒಂದು ಪದವೂ ಇರಲಿಲ್ಲವೆಂಬುದು ಬೇರೆ ಮಾತು.

ಪದಗಳನ್ನು ಒದಗಿಸುವ ಹೊಣೆ ನಮ್ಮ ಒಂಬತ್ತು ವರ್ಷದ ಮಗನ ಪಾಲಿಗೆ ಬಂತು. ಈ ಪ್ರವಾಸಕ್ಕೆ ಮೂಲ ಕಾರಣನೇ ಅವನು. ಪಫಿನ್ ಎಂಬ ಹಕ್ಕಿಯ ಹುಚ್ಚು ಹಿಡಿದು ಒಂದು ವರ್ಷವಾಗಿತ್ತು. ಅಜ್ಜಿ ಬಂದಾಗ ಅವರಿಗೆ ಅದನ್ನು ತೋರಿಸಲೇಬೇಕೆಂದು ಪಟ್ಟು ಹಿಡಿದಿದ್ದ. ಬಳಗದ ಬಹುತೇಕ ಮಕ್ಕಳಂತೆ ಅವನಿಗೂ ಕನ್ನಡ ಅರ್ಥವಾಗುತ್ತದೆ, ನಾಲಿಗೆಯ ಮೇಲೆ ಸಲೀಸಾಗಿ ಬರುವುದಿಲ್ಲ. ಮನೆಯಲ್ಲಿ ಅಜ್ಜಿ ಮೊಮ್ಮಗನ ಸಂಭಾಷಣೆ ಊಟ, ನಿದ್ದೆ, ಸ್ನಾನಗಳ ಗಡಿ ದಾಟಿದ್ದು ಕಡಿಮೆ. ಇಲ್ಲಿ ಮಾರ್ಗದರ್ಶಿ ಹೇಳಿದ್ದನ್ನು ಅವನು ಅಜ್ಜಿಗೆ ದಾಟಿಸಬೇಕಾಯಿತು, ಏಕೆಂದರೆ ಉಳಿದವರೆಲ್ಲ ದುರ್ಬೀನಿನಲ್ಲಿ ಕಣ್ಣು ನೆಟ್ಟು ನಿಂತಿದ್ದೆವು.

ಆ ದಿನ ನಡೆದದ್ದು ಮಾರ್ಟಿನ್ಸ್ ಹೇವನ್ ಎಂಬ ಪುಟ್ಟ ದೋಣಿತಾಣದ ಮೇಲಿನ ಡಿಯರ್ ಪಾರ್ಕ್ ಎಂಬ ಭೂಶಿರದಲ್ಲಿ. ಹೆಸರಿನಲ್ಲಿ ಜಿಂಕೆಯಿದೆ, ನೆಲದ ಮೇಲೆ ಇಲ್ಲ. ಇರುವುದು ವೆಲ್ಷ್ ಬೆಟ್ಟದ ಕುದುರೆಮರಿಗಳಂಥ ಕುಳ್ಳ ಕುದುರೆಗಳು. ಅವು ಅಲಂಕಾರಕ್ಕಲ್ಲವೆಂದು ತಿಳಿದದ್ದು ಮಾರ್ಗದರ್ಶಿ ಬಾಯಿ ತೆರೆದ ಮೇಲೆಯೇ. ಈ ತೀರದ ವಿಶೇಷ ಪಕ್ಷಿ ಚಫ್, ಕೆಂಪು ಕೊಕ್ಕು ಕೆಂಪು ಕಾಲುಗಳ ಕಾಗೆ. ಅದು ಕೊಕ್ಕಿನಿಂದ ಮಣ್ಣು ಕೆದಕಿ ಹುಳುಹುಪ್ಪಟೆಗಳನ್ನು ತಿನ್ನುತ್ತದೆ. ಹುಲ್ಲು ಎತ್ತರ ಬೆಳೆದರೆ ಕೊಕ್ಕು ನೆಲಕ್ಕೆ ತಲುಪದು. ಕುದುರೆ ಮೇಯಬೇಕು, ಆಗ ಕಾಗೆ ಉಣ್ಣುತ್ತದೆ. ಅಮ್ಮ ತಲೆದೂಗಿದರು. ಎಮ್ಮೆಯ ಹಿಂದೆ ಬೆಳ್ಳಕ್ಕಿ ನಡೆಯುವ ದೇಶದಿಂದ ಬಂದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಳಗಿನ ಜ್ಯಾಕ್ ಸೌಂಡ್ ಎಂಬ ಕಿರಿದಾದ ಜಲಸಂಧಿಯಲ್ಲಿ ಉಬ್ಬರವಿಳಿತದ ಸೆಳೆತ ನದಿಯಂತೆ ಭೋರ್ಗರೆಯುತ್ತಿತ್ತು. ಅದರ ಸುಳಿಗಳಲ್ಲಿ ಮೂರು ಪಾರ್ಪಸ್‌ಗಳು ಬೆನ್ನು ತೋರಿಸಿ ಮುಳುಗಿದವು. ಬಂಡೆಯ ಬುಡದಲ್ಲಿ ಬೂದುಬಣ್ಣದ ಸೀಲುಗಳು, ಮಧ್ಯಾಹ್ನದ ಊಟ ಮುಗಿಸಿದ ಮದುವೆಮನೆಯ ಬಂಧುಗಳಂತೆ ಹೊರಳಿಕೊಂಡಿದ್ದವು.

ಸಂಜೆ ಊಟ ಮುಗಿಸಿ ಅದೇ ಭೂಶಿರದ ತುದಿಗೆ, ವುಲ್ಟ್ಯಾಕ್ ಪಾಯಿಂಟಿಗೆ, ಮತ್ತೆ ಹೋದೆವು. ಈ ಭೇಟಿ ಇಲ್ಲದಿದ್ದರೆ ಪ್ರವಾಸದ ಅರ್ಧ ಭಾಗ ನಮ್ಮ ಕೈತಪ್ಪುತ್ತಿತ್ತು. ನಾವೇ ಬಂದಿದ್ದರೆ ಆ ಹೊತ್ತಿಗೆ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಬೆಳಕು ಮಾಸುತ್ತಿರುವಾಗ ಕಡಲಿನ ಮೇಲೆ ಒಂದು ಕಪ್ಪು ಕಲೆ ಕಂಡಿತು. ಮೋಡದ ನೆರಳೆಂದುಕೊಂಡೆವು. ದೂರದರ್ಶಕದಲ್ಲಿ ನೋಡಿದರೆ ಅದು ಸಾವಿರಾರು ಹಕ್ಕಿಗಳು, ನೀರಿನ ಮೇಲೆ ಒತ್ತೊತ್ತಾಗಿ ಕುಳಿತಿವೆ. ಮ್ಯಾಂಕ್ಸ್ ಶಿಯರ್‌ವಾಟರ್: ಮೇಲೆ ಕಪ್ಪು, ಕೆಳಗೆ ಬಿಳಿ, ನೀಳ ರೆಕ್ಕೆಯ ಕಡಲಹಕ್ಕಿ. ಸ್ಕೋಮರ್ ದ್ವೀಪವೊಂದರಲ್ಲೇ ಸುಮಾರು 3,50,000 ಜೋಡಿಗಳು ನೆಲದ ಬಿಲಗಳಲ್ಲಿ ಗೂಡು ಮಾಡುತ್ತವೆ. ಜಗತ್ತಿನಲ್ಲಿ ಈ ಹಕ್ಕಿಯ ಇಷ್ಟು ದೊಡ್ಡ ವಸಾಹತು ಬೇರೊಂದಿಲ್ಲ. ಆದರೂ ಹಗಲಿನಲ್ಲಿ ದ್ವೀಪಕ್ಕೆ ಹೋಗಿಬಂದವರಿಗೆ ಒಂದೂ ಕಾಣಸಿಗುವುದಿಲ್ಲ. ಅದರ ಕಾಲುಗಳು ದೇಹದ ಹಿಂಬದಿಗೆ ಜೋಡಣೆಗೊಂಡಿವೆ. ಈಜಲು, ಮುಳುಗಲು ಅದು ಸೊಗಸು; ನೆಲದ ಮೇಲೆ ತೆವಳಬೇಕಷ್ಟೆ. ಬೆಳಕಿನಲ್ಲಿ ಇಳಿದರೆ ದೊಡ್ಡ ಗಲ್‌ಗಳು ಬಿಡವು. ಆದ್ದರಿಂದ ಕತ್ತಲಾಗುವ ತನಕ ಕಡಲಲ್ಲಿ ಕಾದು, ರಾತ್ರಿಯೇ ಮನೆ ಸೇರುತ್ತವೆ. ಬೆಳದಿಂಗಳ ರಾತ್ರಿಗಳಲ್ಲಿ ಬರುವುದೂ ಕಡಿಮೆ.

ಅಲ್ಲಿ ಗಾಳಿಗೆ ಬೆನ್ನು ಕೊಟ್ಟು ಕುಳಿತು ಮಾರ್ಗದರ್ಶಿ ಹೇಳಿದ ಕಥೆಯನ್ನು ಬರೆಯದೆ ಮುಂದೆ ಸಾಗಲಾಗದು. ಪಕ್ಕದ ಸ್ಕೋಕ್‌ಹೋಮ್ ದ್ವೀಪದಲ್ಲಿ ರೊನಾಲ್ಡ್ ಲಾಕ್ಲಿ ಎಂಬವರು 1933ರಲ್ಲಿ ಬ್ರಿಟನ್ನಿನ ಮೊದಲ ಪಕ್ಷಿ ವೀಕ್ಷಣಾಲಯವನ್ನು ಸ್ಥಾಪಿಸಿದರು. ಈ ಹಕ್ಕಿಗಳು ಮನೆಯ ದಾರಿಯನ್ನು ಹೇಗೆ ಹುಡುಕುತ್ತವೆ ಎಂಬುದು ಅವರ ಕುತೂಹಲ. ಒಂದು ಹಕ್ಕಿಯನ್ನು ಇಟಲಿಯ ವೆನಿಸ್‌ಗೆ ಒಯ್ದು ಬಿಡಿಸಿದರು. ಅದು ಎಂದೂ ಕಾಣದ ಕಡಲು. ಹದಿನಾಲ್ಕನೆಯ ದಿನ ತನ್ನ ಬಿಲದಲ್ಲಿತ್ತು. 1952ರಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದದ ಕ್ಲಾರಿನೆಟ್ ವಾದಕ ರೊಸಾರಿಯೋ ಮಜ್ಜೆಯೋ ಸ್ಕೋಕ್‌ಹೋಮ್‌ನಿಂದ ಹಕ್ಕಿಯೊಂದನ್ನು ವಿಮಾನದಲ್ಲಿ ಅಮೆರಿಕಕ್ಕೆ ಕೊಂಡೊಯ್ದು, ಬಾಸ್ಟನ್ ಬಂದರಿನ ಅಂಚಿನಲ್ಲಿ ಹಾರಿಬಿಟ್ಟರು. ಬಿಟ್ಟ ದಿನಾಂಕವನ್ನು ತಿಳಿಸಿ ಪತ್ರವನ್ನೂ ಬರೆದರು. ಹನ್ನೆರಡೂವರೆ ದಿನಗಳಲ್ಲಿ ಹಕ್ಕಿ ಅಟ್ಲಾಂಟಿಕ್ ಸಾಗರ ದಾಟಿ ತನ್ನ ಬಿಲಕ್ಕೆ ಮರಳಿತು. ಪತ್ರ ಆಮೇಲೆ ಬಂತು.

ಅಮ್ಮ ಇದನ್ನು ಕೇಳಿ ಬಹಳ ಹೊತ್ತು ನಕ್ಕರು. ಮಗನಿಗೆ ಬಿಲ ಎಂಬ ಪದ ಗೊತ್ತಿರಲಿಲ್ಲ. "ನೆಲದೊಳಗಿನ ಮನೆ" ಎಂದು ಅವನು ಹೇಳಿದಾಗ ಅಜ್ಜಿ ಪದ ಕೊಟ್ಟರು. ಅಂದಿನಿಂದ ಹೋಟೆಲಿನ ಕೋಣೆಯೂ ಬಿಲವೇ ಆಯಿತು.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗಾಳಿ ತಗ್ಗಿತು. ಅಮ್ಮನನ್ನೂ ಇನ್ನೊಬ್ಬ ಹಿರಿಯರನ್ನೂ ವಿಶ್ರಾಂತಿಗೆ ಬಿಟ್ಟು ಉಳಿದವರು ಗ್ರಾಸ್‌ಹೋಮ್ ದ್ವೀಪದ ಸುತ್ತಿನ ದೋಣಿಯಾನಕ್ಕೆ ಹೋದೆವು. ಇಲ್ಲಿ ವೈದ್ಯರ ಮಾತು ಸ್ವಲ್ಪ: ಕಡಲಬೇನೆಯ ಮಾತ್ರೆಯನ್ನು ವಾಂತಿ ಬಂದ ಮೇಲೆ ನುಂಗಿ ಪ್ರಯೋಜನವಿಲ್ಲ. ಸಿನ್ನಾರಿಜಿನ್ ಆದರೆ ದೋಣಿ ಹತ್ತುವ ಎರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಹಯೋಸಿನ್ ಇರುವ ಮಾತ್ರೆಗಳನ್ನು ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ ಕೇಳದೆ ಕೊಡಬಾರದು; ವಯಸ್ಸಾದವರಲ್ಲಿ ಅದು ಗೊಂದಲವನ್ನೂ ಉಂಟುಮಾಡಬಲ್ಲದು. ಲೆಕ್ಕಪರಿಶೋಧಕ ಮಿತ್ರರು ಶುಂಠಿಯನ್ನೇ ನಂಬಿದರು. ಫಲಿತಾಂಶವನ್ನು ಅವರ ಗೌರವಾರ್ಥ ಇಲ್ಲಿ ಬರೆಯುವುದಿಲ್ಲ.

ದೂರದಿಂದ ಆ ದ್ವೀಪಕ್ಕೆ ಹಿಮ ಬಿದ್ದಂತೆ ಕಾಣುತ್ತದೆ. ಸಮೀಪಿಸಿದಾಗ ಹಿಮವೆಲ್ಲ ಗ್ಯಾನೆಟ್ ಎಂಬ ಬಿಳಿಯ ದೊಡ್ಡ ಹಕ್ಕಿಗಳಾಗುತ್ತದೆ. ವಾಸನೆಯಂತೂ ಅರ್ಧ ಮೈಲಿ ಮೊದಲೇ ಎದುರುಗೊಳ್ಳುತ್ತದೆ. ಯಾರೂ ಇಳಿಯುವಂತಿಲ್ಲ. ನೆತ್ತಿಯ ಮೇಲೆ ಹಾರುತ್ತಿದ್ದ ಹಕ್ಕಿ ಒಮ್ಮೆಲೇ ರೆಕ್ಕೆ ಮಡಚಿ ಬಾಣದಂತೆ ನೀರಿಗೆ ಬೀಳುವುದನ್ನು ನೋಡಿ ಮಕ್ಕಳು ಕೂಗಿದ್ದೇ ಕೂಗಿದ್ದು. ನಮಗೆ ಕಂಡದ್ದು ಬೇರೆ: ಬಿಳಿಯ ನಡುವೆ ಬರಿಯ ಬಂಡೆಯ ತೇಪೆಗಳು. 2022ರಲ್ಲಿ ಎಚ್5ಎನ್1 ಪಕ್ಷಿಜ್ವರ ಈ ವಸಾಹತಿಗೆ ನುಗ್ಗಿತು. ಮರುವರ್ಷದ ಎಣಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಗೂಡುಗಳು ಇಲ್ಲವಾಗಿದ್ದವು. ಸೋಂಕನ್ನು ಗೆದ್ದು ಉಳಿದ ಗ್ಯಾನೆಟ್‌ಗಳಲ್ಲಿ ಒಂದು ವಿಚಿತ್ರ ಗುರುತು ಕಂಡುಬಂದಿದೆ. ಈ ಹಕ್ಕಿಯ ಕಣ್ಣಿನ ಪಾಪೆಯ ಸುತ್ತಲಿನ ಭಾಗ ತಿಳಿನೀಲಿ. ಕೆಲವದರಲ್ಲಿ ಅದು ಕಪ್ಪಾಗಿದೆ. ಸ್ಕಾಟ್ಲೆಂಡಿನ ಬಾಸ್ ರಾಕ್‌ನಲ್ಲಿ ರಕ್ತ ಪರೀಕ್ಷಿಸಿದಾಗ, ಪ್ರತಿಕಾಯಗಳಿದ್ದ ಹಕ್ಕಿಗಳಲ್ಲಿ ಹೆಚ್ಚಿನವಕ್ಕೆ ಇಂಥ ಕಪ್ಪು ಕಣ್ಣುಗಳಿದ್ದವು. ದೋಣಿಯ ಪಕ್ಕದಲ್ಲೇ ಹಾರಿಹೋದ ಒಂದನ್ನು ಮಾರ್ಗದರ್ಶಿ ತೋರಿಸಿದರು. 2020ರ ವಸಂತವನ್ನು ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆದ ನಮಗೆ ಆ ಕಪ್ಪು ಕಣ್ಣನ್ನು ನೋಡಿ ಮೂಡಿದ ಭಾವನೆ ಕುತೂಹಲಕ್ಕಿಂತ ಹೆಚ್ಚಿನದು. ಬದುಕುಳಿದವರ ಕಡತಗಳಲ್ಲಿ ನಾವು ಬರೆಯುತ್ತಿದ್ದ ಸಾಲುಗಳು ನೆನಪಾದವು. ಗೂಡುಗಳಲ್ಲಿ ನೀಲಿ, ಹಸಿರು, ಕಿತ್ತಳೆ ಬಣ್ಣದ ಎಳೆಗಳು ತೂಗುತ್ತಿದ್ದವು. ಅವು ಹೂವಲ್ಲ, ಮೀನುಬಲೆಯ ಪ್ಲಾಸ್ಟಿಕ್ ಹಗ್ಗಗಳು. ಕಾಲಿಗೆ ಸಿಕ್ಕಿಕೊಂಡ ಮರಿಗಳನ್ನು ಬಿಡಿಸಲೆಂದು ಪ್ರತಿ ಶರತ್ಕಾಲದಲ್ಲಿ ಕೆಲವರು ಕತ್ತರಿ ಹಿಡಿದು ದ್ವೀಪವನ್ನೇರುತ್ತಾರಂತೆ.

ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾರಣ ಪಕ್ಷಿಜ್ವರವಲ್ಲ, ಎಂಬತ್ತೇಳು ಮೆಟ್ಟಿಲುಗಳು. ಸ್ಕೋಮರ್‌ನಲ್ಲಿ ದೋಣಿಯಿಂದ ಇಳಿದೊಡನೆ ಕಡಿದಾದ 87 ಮೆಟ್ಟಿಲುಗಳನ್ನು ಹತ್ತಬೇಕು. ಬೇರೆ ದಾರಿಯಿಲ್ಲ. ಅಮ್ಮನಿಗೆ ಮೂರು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಲಾಗಿದೆ; ಮಂಡಿಗಳೂ ಸವೆದಿವೆ. ಮೇಲೆ ಅಂಗಡಿಯಿಲ್ಲ, ಆಸ್ಪತ್ರೆಯಿಲ್ಲ, ಮರಳುವ ದೋಣಿ ಬರುವುದು ಕೆಲವು ಗಂಟೆಗಳ ಮೇಲೆ. ಮಗನಾಗಿ ಒಂದು ಉತ್ತರ, ವೈದ್ಯನಾಗಿ ಮತ್ತೊಂದು ಎಂಬ ಸಂಕಟ ನಮ್ಮಲ್ಲಿ ಅನೇಕರಿಗೆ ಪರಿಚಿತ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳನ್ನು ನಾವು ಕೇಳುವ ಸರಳ ಪ್ರಶ್ನೆಯೊಂದಿದೆ: ನಿಲ್ಲದೆ ಎರಡು ಮಹಡಿ ಹತ್ತಬಲ್ಲಿರಾ? ಅಮ್ಮ ಹತ್ತಬಲ್ಲರು, ಎದೆನೋವು ಬಂದು ಮೂರು ವರ್ಷವಾಯಿತು. ಆದರೆ ಇದು ಎರಡಲ್ಲ, ಐದು ಮಹಡಿ. ಅವರು ಜೂನ್ ಎರಡನೆಯ ವಾರ ಊರಿಗೆ ಮರಳುವವರು. ಮತ್ತೆ ಬರುವರೋ ಇಲ್ಲವೋ ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ಮಾರ್ಗದರ್ಶಿಯ ಬಳಿ ವಿಷಯ ಇಟ್ಟಾಗ ಆಕೆ ಅಮ್ಮನ ಔಷಧಿಗಳ ಬಗ್ಗೆ ಕೇಳಲಿಲ್ಲ. ಕೇಳಿದ್ದು ಒಂದೇ: "ಅವರಿಗೆ ದ್ವೀಪ ಸುತ್ತಬೇಕೇ, ಹಕ್ಕಿ ನೋಡಬೇಕೇ?" ಹಕ್ಕಿ ಎಂದೆವು. "ಹಾಗಾದರೆ ಮೆಟ್ಟಿಲುಗಳ ಮೇಲ್ತುದಿಯ ಆಚೆ ಒಂದು ಹೆಜ್ಜೆಯೂ ಬೇಡ. ಎಲ್ಲರೂ ಪಫಿನ್ ನೋಡಲು ಒಂದು ಮೈಲಿ ದೂರದ ವಿಕ್ ಎಂಬ ಬಂಡೆಗೆ ಓಡುತ್ತಾರೆ. ಆದರೆ ದೋಣಿ ತಂಗುವ ಕೊಲ್ಲಿಯ ಇಳಿಜಾರಿನಲ್ಲೂ ಅವುಗಳ ಬಿಲಗಳಿವೆ. ಎಲ್ಲರೂ ಹತ್ತಿಹೋದ ಮೇಲೆ ನಿಧಾನವಾಗಿ ಬನ್ನಿ. ಅವಸರವಿಲ್ಲ, ಅಲ್ಲೇ ಕುಳಿತುಕೊಳ್ಳಲಿ." ತೆತ್ತ ಹಣ ಯಾವುದಕ್ಕೆ ಎಂದು ನಮಗೆ ಅರ್ಥವಾದದ್ದು ಆಗ.

ಮೂರನೆಯ ದಿನ ಗಾಳಿ ದಕ್ಷಿಣಕ್ಕೆ ತಿರುಗಿತ್ತು. ದೋಣಿ ಹತ್ತುವ ಮೊದಲು ಬೂಟುಗಳ ಅಡಿಯನ್ನು ತಿಕ್ಕಿಸಿದರು, ಚೀಲಗಳನ್ನು ತೆರೆದು ನೋಡಿಕೊಳ್ಳಲು ಹೇಳಿದರು. ಚೀಲದಲ್ಲಿ ಅವಿತು ಒಂದು ಬಸುರಿ ಇಲಿ ದ್ವೀಪ ಸೇರಿದರೆ ಸಾಕು, ಬಿಲದೊಳಗಿನ ಮೊಟ್ಟೆಗಳಿಗೆ ಉಳಿಗಾಲವಿಲ್ಲ. ದಿನಕ್ಕೆ 250 ಜನರಿಗಷ್ಟೇ ಪ್ರವೇಶ. ಸೋಂಕು ನಿಯಂತ್ರಣದ ನಿಯಮಗಳಿಗಾಗಿ ಸಹೋದ್ಯೋಗಿಗಳೊಡನೆ ವರ್ಷವಿಡೀ ಗುದ್ದಾಡುವ ನಮಗೆ, ರಜೆಯ ಉಡುಪಿನ ಜನ ಸಾಲಾಗಿ ನಿಂತು ಗೊಣಗದೆ ಬೂಟು ತಿಕ್ಕಿಕೊಳ್ಳುವುದನ್ನು ಕಂಡು ಅಸೂಯೆಯೇ ಆಯಿತು.

ಹದಿನೈದು ನಿಮಿಷಗಳ ಪಯಣ. ದೋಣಿ ಬಂಡೆಗೆ ತಾಗಿ ಏರಿಳಿಯುತ್ತಿದ್ದಾಗ ನಾವು ಅಮ್ಮನ ತೋಳು ಹಿಡಿಯಲು ಮುಂದಾದೆವು. ಅವರು ಕೈ ಬಿಡಿಸಿಕೊಂಡು, ಅಲೆ ಮೇಲೇರುವ ಗಳಿಗೆಯನ್ನು ನೋಡಿ ಸರಿಯಾಗಿ ಕಾಲಿಟ್ಟರು. "ನಮ್ಮೂರಲ್ಲಿ ದೋಣಿ ಇಳಿಯುವುದಕ್ಕೆ ಮೆಟ್ಟಿಲು ಯಾರು ಕಟ್ಟಿಸಿದ್ದರು?" ಎಂದರು. ನಾವಿಕ ಹುಡುಗ ಟೋಪಿ ತೆಗೆದು ವಂದಿಸಿದ.

ಎಲ್ಲರೂ ಮೇಲೆ ಹೋದರು. ಅಮ್ಮ, ಮೊಮ್ಮಗ, ಹಿಂದೆ ಜೇಬಿನಲ್ಲಿ ನೈಟ್ರೇಟ್ ಸ್ಪ್ರೇ ಇಟ್ಟುಕೊಂಡ ನಾವು. ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುವುದೆಂಬುದು ಒಪ್ಪಂದ. ಮಗ ಕನ್ನಡದಲ್ಲಿ ಎಣಿಸತೊಡಗಿದ. ಇಪ್ಪತ್ತರವರೆಗೆ ಸರಾಗ, ಅದರಾಚೆ ಅವನಿಗೆ ಬಾರದು. ಮೂವತ್ತರ ನಂತರ ಅಜ್ಜಿ ಒಂದು ಸಂಖ್ಯೆ ಹೇಳುವರು, ಅವನು ಮುಂದಿನದನ್ನು ಊಹಿಸುವನು. ಐವತ್ತೊಂಬತ್ತರ ಮುಂದೆ "ಐವತ್ತಹತ್ತು" ಎಂದಾಗ ಅಮ್ಮನಿಗೆ ನಗು ತಡೆಯಲಾಗದೆ ಒಪ್ಪಂದಕ್ಕೆ ಹೊರತಾದ ವಿಶ್ರಾಂತಿಯೊಂದು ದೊರಕಿತು. ನಾಡಿ ನೋಡಿದೆವು: ನೂರಾಹದಿನಾಲ್ಕು, ಕ್ರಮಬದ್ಧ. ಎರಡು ನಿಮಿಷದಲ್ಲಿ ಇಳಿಯಿತು. ಎಂಬತ್ತೇಳನ್ನು ಇಬ್ಬರೂ ಒಟ್ಟಿಗೆ ಕೂಗಿದರು.

ಮೇಲೆ ಬಂದಾಗ ಕಂಡದ್ದನ್ನು ಹೇಗೆ ವರ್ಣಿಸುವುದು? ಇಳಿಜಾರಿನ ತುಂಬ ಗುಲಾಬಿ ಬಣ್ಣದ ಕ್ಯಾಂಪಿಯನ್ ಹೂಗಳು, ನಡುನಡುವೆ ಬಾಡುತ್ತಿರುವ ನೀಲಿ ಬ್ಲೂಬೆಲ್. ಮರವೊಂದೂ ಇಲ್ಲ. ಹೂಗಳ ಮಧ್ಯೆ ಬಿಲದ ಬಾಯಿಯಲ್ಲಿ ಗೇಣುದ್ದಕ್ಕಿಂತ ತುಸು ದೊಡ್ಡದಾದ ಹಕ್ಕಿ ನಿಂತಿತ್ತು. ಕಪ್ಪು ಬೆನ್ನು, ಬಿಳಿ ಎದೆ, ಕಿತ್ತಳೆ ಪಾದ, ಯಕ್ಷಗಾನದ ಬಣ್ಣದ ವೇಷಕ್ಕೆ ಸರಿಸಾಟಿಯಾದ ಮುಖ. ಇತ್ತೀಚಿನ ವರ್ಷಗಳ ಎಣಿಕೆಗಳಲ್ಲಿ ಈ ದ್ವೀಪದ ಪಫಿನ್‌ಗಳ ಸಂಖ್ಯೆ 40,000ವನ್ನು ಮೀರಿದೆ. ವರ್ಷಕ್ಕೆ ಒಂದೇ ಮೊಟ್ಟೆ. ಪ್ರತಿವರ್ಷ ಬಹುಮಟ್ಟಿಗೆ ಅದೇ ಬಿಲ, ಅದೇ ಸಂಗಾತಿ. ಜುಲೈ ಕೊನೆಗೆ ಎಲ್ಲವೂ ಕಡಲಿಗೆ ಹೊರಟುಹೋಗುತ್ತವೆ. ಚಳಿಗಾಲದಲ್ಲಿ ಕೊಕ್ಕಿನ ಬಣ್ಣದ ಕವಚವೂ ಕಳಚಿಬೀಳುತ್ತದೆ. ಇದನ್ನು ಮಗ ತಡವರಿಸುತ್ತ ವಿವರಿಸಿದಾಗ ಅಮ್ಮ, "ಹಬ್ಬ ಮುಗಿದ ಮೇಲೆ ರೇಷ್ಮೆ ಸೀರೆ ಪೆಟ್ಟಿಗೆಗೆ," ಎಂದರು.

ನಾವೆಲ್ಲ ಸರದಿಯ ಮೇಲೆ ವಿಕ್ ಬಂಡೆಗೂ ಹೋಗಿಬಂದೆವು. ಅಲ್ಲಿ ಪಫಿನ್‌ಗಳು ಪ್ರವಾಸಿಗರ ಕಾಲ ಬಳಿಯೇ ದಾರಿ ದಾಟುತ್ತವೆ. ಅವು ದಾಟುವ ತನಕ ಮನುಷ್ಯರು ನಿಲ್ಲಬೇಕು. ದಾರಿ ಬಿಟ್ಟು ಹೆಜ್ಜೆಯಿಟ್ಟರೆ ಟೊಳ್ಳು ನೆಲ ಕುಸಿದು ಬಿಲದಲ್ಲಿದ್ದವು ಹೂತುಹೋಗುತ್ತವೆ. ನೋಟ ಭವ್ಯವೇ. ಆದರೂ ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಕಂಡವರು, ನಾಲ್ಕು ಗಂಟೆಗಳ ಕಾಲ ಒಂದೇ ಕಡೆ ಶಾಲು ಹೊದ್ದು ಕುಳಿತಿದ್ದ ಅಮ್ಮ. ನಾವು ಮರಳಿದಾಗ ಅವರ ಬಳಿ ಇಡೀ ಬೀದಿಯ ಸುದ್ದಿ ಸಿದ್ಧವಾಗಿತ್ತು: ಎಡಗಡೆಯ ಬಿಲದವನು ಸೋಮಾರಿ, ಮೇಲಿನವಳು ನೆರೆಯವರ ಹುಲ್ಲು ಕದಿಯುತ್ತಾಳೆ, ಕಲ್ಲಿನ ಪಕ್ಕದ ಮನೆಯಲ್ಲಿ ಮರಿಯಾಗಿರಬೇಕು, ಯಜಮಾನ ಎರಡು ಸಲ ಮೀನು ತಂದ. ಮಾರ್ಗದರ್ಶಿಯೂ ಹೌದೆಂದರು, ಮೀನು ತಂದರೆ ಮೊಟ್ಟೆಯೊಡೆದಿದೆ ಎಂದರ್ಥ. ಹಕ್ಕಿ ಮರಿಗೆ ತಂದು ಕೊಡುವ ತುತ್ತಿಗೆ ಏನೆನ್ನುತ್ತಾರೆಂದು ಮಗ ಕೇಳಿದ. "ಗುಟುಕು," ಎಂದರು ಅಜ್ಜಿ. ಅವನು ಅದನ್ನು ಮೂರು ನಾಲ್ಕು ಸಲ ಹೇಳಿಕೊಂಡ. ಆ ಪದವನ್ನು ನಾವೇ ಎಷ್ಟು ವರ್ಷಗಳಿಂದ ಉಚ್ಚರಿಸಿರಲಿಲ್ಲವೋ.

ಕೊನೆಯ ರಾತ್ರಿಯ ಊಟದಲ್ಲಿ ಆ ಮೀನುಗಳ ಪ್ರಸ್ತಾಪ ಬಂತು. ಪಫಿನ್ ಕೊಕ್ಕಿನಲ್ಲಿ ಸಾಲಾಗಿ ಜೋಡಿಸಿಕೊಂಡು ತರುವ ಬೆಳ್ಳಿ ದಾರದಂಥ ಮೀನು ಸ್ಯಾಂಡ್‌ಈಲ್. ಅದನ್ನು ಮನುಷ್ಯರು ಹಿಡಿಯುವುದು ಪ್ರಾಣಿಗಳ ಮೇವು ಮತ್ತು ಎಣ್ಣೆಗಾಗಿ. ಕಡಲಹಕ್ಕಿಗಳು ಹಸಿಯಬಾರದೆಂದು 2024ರಲ್ಲಿ ಉತ್ತರ ಸಮುದ್ರದ ಇಂಗ್ಲೆಂಡ್ ಭಾಗದಲ್ಲಿಯೂ ಸ್ಕಾಟ್ಲೆಂಡಿನ ಎಲ್ಲ ನೀರಿನಲ್ಲಿಯೂ ಇದರ ಮೀನುಗಾರಿಕೆಯನ್ನು ನಿಲ್ಲಿಸಲಾಯಿತು. ಇದೆಷ್ಟು ವಿವಾದದ ನಿರ್ಧಾರವೆಂದು ಮಾರ್ಗದರ್ಶಿ ಹೇಳುತ್ತಿದ್ದಂತೆ ಅಮ್ಮನಿಗೆ ಆಶ್ಚರ್ಯವಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ನೂಲಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವ ರೂಢಿಯೂ ಇದೆ. "ಬೂತಾಯಿ, ಬಂಗುಡೆ ಮೊಟ್ಟೆಯಿಡುವ ಕಾಲ ಅದು. ಮೀನಿಗೂ ಬಾಣಂತನ ಬೇಕಲ್ಲ? ಇಷ್ಟು ತಿಳಿಯುವುದಕ್ಕೆ ಇವರಿಗೆ ಇಷ್ಟು ವರ್ಷ ಹಿಡಿಯಿತಾ?" ಎಂದರು. ಈ ವಾಕ್ಯವನ್ನು ಮಗ ಸ್ವಲ್ಪ ಮೃದುಗೊಳಿಸಿ ಅನುವಾದಿಸಿದನೆಂದು ನಮ್ಮ ಗುಮಾನಿ. ಆದರೆ ಬಾಣಂತನಕ್ಕೆ ಇಂಗ್ಲಿಷ್ ಪದ ಸಿಗದೆ ಅವನೂ ಮಾರ್ಗದರ್ಶಿಯೂ ಬಹಳ ಹೊತ್ತು ಹುಡುಕಾಡಿದರು.

ಹೋಗಬಯಸುವವರಿಗೆ ಎರಡು ಮಾತು. ಏಪ್ರಿಲ್‌ನಿಂದ ಜುಲೈ ಮಧ್ಯದವರೆಗೆ ಪಫಿನ್ ಕಾಲ. ಟಿಕೆಟ್ಟುಗಳು ಚಳಿಗಾಲದಲ್ಲೇ ಕರಗತೊಡಗುತ್ತವೆ. ಗಾಳಿಗಾಗಿ ಒಂದು ದಿನ ಮಿಗಿಸಿಕೊಳ್ಳಿ. ನೀರು, ಊಟ ಜೊತೆಗಿರಲಿ. ಕಾಲುದಾರಿಯ ಜರೀಗಿಡಗಳಲ್ಲಿ ಉಣ್ಣಿಗಳಿರುತ್ತವೆ, ಅವುಗಳಿಂದ ಲೈಮ್ ರೋಗ ಹರಡಬಲ್ಲದು; ಸಂಜೆ ಮಕ್ಕಳ ಮಂಡಿಯ ಹಿಂಭಾಗ ನೋಡಿಕೊಳ್ಳಿ. ಹಿರಿಯರ ಮಾತ್ರೆಗಳು ಲಗೇಜಿನಲ್ಲಲ್ಲ, ಕೈಚೀಲದಲ್ಲಿರಲಿ.

ಅಮ್ಮ ಜೂನ್‌ನಲ್ಲಿ ಊರಿಗೆ ಮರಳಿದರು. ಈಗ ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡುವಾಗ ಮೊಮ್ಮಗನೇ ಮೊದಲು ಬರುತ್ತಾನೆ. ಶಿಯರ್‌ವಾಟರ್ ಮರಿಗಳ ಬಗ್ಗೆ ಮಾರ್ಗದರ್ಶಿ ಹೇಳಿದ್ದು ಇಬ್ಬರಿಗೂ ನೆನಪಿತ್ತು: ಬೇಸಿಗೆಯ ಕೊನೆಗೆ ತಂದೆತಾಯಿ ಮೊದಲೇ ಹೊರಟುಹೋಗುತ್ತವೆ, ಮರಿ ಕೆಲವು ದಿನ ಬಿಲದಲ್ಲಿ ಏನೂ ತಿನ್ನದೆ ಉಳಿದು, ಒಂದು ಕತ್ತಲ ರಾತ್ರಿ ಒಂಟಿಯಾಗಿ ಹೊರಬಂದು, ಸುಮಾರು 10,000 ಕಿಲೋಮೀಟರ್ ದೂರದ ದಕ್ಷಿಣ ಅಮೆರಿಕದ ಕಡಲಿಗೆ ಹಾರುತ್ತದೆ. ಸೆಪ್ಟೆಂಬರಿನ ಒಂದು ಭಾನುವಾರ ಅಜ್ಜಿ ಕೇಳಿದರು, "ಮರಿಗಳು ಹೊರಟವಾ ಮಗಾ?"

"ಹೊರಟವು ಅಜ್ಜಿ. ರಾತ್ರಿ."

"ಏನಾದರೂ ತಿಂದುಕೊಂಡು ಹೊರಟವಾ?"

"ಇಲ್ಲ. ಒಂದು ವಾರದಿಂದ ತಿಂದಿಲ್ಲ. ಅದಕ್ಕೆ ಏನು ಹೇಳುತ್ತಾರೆ?"

"ಉಪವಾಸ."

"ಉಪವಾಸ ಮಾಡಿ ಹೋದವು."

"ಹಾಗಾದರೆ ಏಕಾದಶಿ ಮುಗಿಸಿ ಹೊರಟವು ಅನ್ನು. ದಾರಿಯಲ್ಲಿ ಮೀನು ಸಿಗುತ್ತದೆ, ಬಿಡು," ಎಂದರು ಅಜ್ಜಿ.